ಬರುತ್ತೆ ಅಂದರೆ ಬರುತ್ತೆ ಅಂತಲ್ಲ

ಬೈಕ್ ಷೋರೂಮಿನಲ್ಲಿ ಹೊಸ ಗಾಡಿ ಕೊಳ್ಳುವವರಿಗೆ ಮುಂಬಾಗಿಲು. ಅಲ್ಲಿ ಗಾಡಿಗೆ ಹಾರ ಹಾಕುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಮನೆಮಂದಿಯನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದು ಸ್ವೀಟ್ ಬಾಕ್ಸ್ ಕೊಡುತ್ತಾರೆ. ಸ್ಪೇರ್ ಪಾರ್ಟ್ಸ್ ಕೌಂಟರ್ ಇರುವುದು ಹಿಂದುಗಡೆ, ಗಾಡಿ ತೊಳೆಯುವ ಜಾಗದ ಪಕ್ಕ. ಜಯನಗರದ ಒಂದು ಡೀಲರ್‌ಶಿಪ್ಪಿನ ಆ ಕೌಂಟರಿನ ಹಿಂದೆ ನನ್ನ ನೌಕರಿಯ ಬಹುಪಾಲು ಕಳೆಯಿತು. ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಂಪನಿಯವರು ಟ್ರೇನಿಂಗ್ ಕೊಡುತ್ತಾರೆ, ನಗುತ್ತಾ ಮಾತಾಡಿ ಎಂದು ಹೇಳಿಕೊಡುತ್ತಾರೆ. ಅವರು ಹೇಳದೆ ಬಿಡುವ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಪಾರ್ಟ್ಸ್ ಕೌಂಟರಿಗೆ ಯಾರೂ ಸಂತೋಷದಿಂದ ಬರುವುದಿಲ್ಲ. ಏನೋ ಮುರಿದಿರುತ್ತದೆ, ಅಥವಾ ಕಳೆದುಹೋಗಿರುತ್ತದೆ. ಮನೆ ಹತ್ತಿರದ ಮೆಕ್ಯಾನಿಕ್ಕು ‘ಇದು ಷೋರೂಮಲ್ಲೇ ಸಿಗೋದು’ ಎಂದು ಕಳಿಸಿರುತ್ತಾನೆ. ಆಫೀಸಿಗೆ ತಡವಾಗಿರುತ್ತದೆ. ಅವರ ಸಿಟ್ಟು ಕೌಂಟರಿಗೆ ಬರುವ ಮುಂಚೆಯೇ ಹುಟ್ಟಿರುವಂಥದ್ದು. ಅದನ್ನು ಮೈಮೇಲೆ ಹಾಕಿಕೊಳ್ಳದೆ, ಯಾವ ಮಾಡೆಲ್, ಯಾವ ವರ್ಷದ ಗಾಡಿ ಎಂದು ಕೇಳಿ. ಉತ್ತರ ಕೊಡುತ್ತಾ ಕೊಡುತ್ತಾ ಅರ್ಧ ಸಿಟ್ಟು ಇಳಿಯುತ್ತದೆ.

ನಾನು ಇಲ್ಲಿಗೆ ಬಂದದ್ದು ಒಂದು ಕಾರ್ಖಾನೆಯ ಸ್ಟೋರ್ಸಿನಿಂದ. ಅಲ್ಲಿ ಸೈರನ್ನಿಗೆ ಕೆಲಸ ಶುರು, ಸೈರನ್ನಿಗೆ ಊಟ. ತಿರುಪಿನಿಂದ ಹಿಡಿದು ಮೋಟರಿನವರೆಗೆ ಪ್ರತಿ ವಸ್ತುವಿಗೂ ಒಂದು ಜಾಗ, ಜಾಗಕ್ಕೊಂದು ನಂಬರು. ತೆಗೆದವರು ಅಲ್ಲೇ ಇಡಬೇಕು. ಕಾರ್ಖಾನೆ ಮುಚ್ಚಿದ ಮೇಲೆ ಈ ಡೀಲರ್‌ಶಿಪ್ಪಿಗೆ ಸೇರಿದೆ. ಮೊದಲ ದಿನ ಇಲ್ಲಿನ ಕಪಾಟು ತೆರೆದರೆ ಬ್ರೇಕ್ ಶೂಗಳು ಯಾರದೋ ಮದುವೆಯ ಸ್ವೀಟ್ ಬಾಕ್ಸಿನಲ್ಲಿದ್ದವು, ಕ್ಲಚ್ ಕೇಬಲ್ಲುಗಳು ಮೊಳೆಗೆ ನೇತುಬಿದ್ದಿದ್ದವು. ಎಲ್ಲವನ್ನೂ ಇಳಿಸಿ, ಒರೆಸಿ, ನಂಬರು ಹಚ್ಚಿ ಜೋಡಿಸಿದೆ. ಹಿರಿಯ ಮಾಲೀಕರು ಒಂದು ದಿನ ಬಂದು ನೋಡಿ, ‘ದೇವರಮನೆ ಇದ್ದಂಗಿದೆ, ಚಪ್ಪಲಿ ಬಿಟ್ಟು ಬರ್ಬೇಕೇನಮ್ಮ’ ಎಂದರು. ಪಾರ್ಟ್ಸ್ ವಿಭಾಗವನ್ನು ಅವರು ಹೊಗಳಿದ್ದು ಅಷ್ಟೇ.

ಹೆಂಗಸು ಕೌಂಟರಿನಲ್ಲಿ ಇರುವುದು ಆಗ ಗಿರಾಕಿಗಳಿಗೆ ಹೊಸದು. ಒಬ್ಬರು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ ಕೇಳಿದರು.

“ಮೇಡಂ, ಸ್ಪೇರ್ಸ್‌ನವರು ಯಾರೂ ಇಲ್ವಾ?”

“ನಾನೇ ಸ್ಪೇರ್ಸ್‌ನವಳು, ಹೇಳಿ.”

“ಅಲ್ಲ, ಪಾರ್ಟ್ಸ್ ಬಗ್ಗೆ ಗೊತ್ತಿರೋರು.”

“ಅವರು ಊಟಕ್ಕೆ ಹೋಗಿದ್ದಾರೆ. ಬರೋವರೆಗೂ ನನ್ನನ್ನೇ ಕೇಳಿ.”

ಅವರು ಕೇಳಿದರು, ನಾನು ಕೊಟ್ಟೆ. ಊಟಕ್ಕೆ ಹೋದವರು ಬರಲಿಲ್ಲವಲ್ಲ ಎಂದು ಅವರಿಗೆ ಅನ್ನಿಸಿದ ಹಾಗೆ ಕಾಣಲಿಲ್ಲ.

ಗಿರಾಕಿಗೆ ಪಾರ್ಟಿನ ಹೆಸರು ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಸದ್ದು ಮಾಡಿ ತೋರಿಸುತ್ತಾರೆ. ನನ್ನ ಜೊತೆ ಕೊನೆಯವರೆಗೂ ಇದ್ದ ಗಿರೀಶ ಎಂಬ ಸೇಲ್ಸ್‌ಮನ್ ಇದರಲ್ಲಿ ಪಳಗಿದ್ದ. ಬನಶಂಕರಿಯ ಒಬ್ಬರು ಬಂದು, ‘ಹಿಂದ್ಗಡೆ ಟಕ್ ಟಕ್ ಅನ್ನುತ್ತಲ್ಲ, ಅದು ಕೊಡಿ’ ಎಂದರು. ‘ಸಾರ್, ಟಕ್ ಟಕ್ ಅನ್ನೋದು ಬೇಕಾ, ಅನ್ನದೇ ಇರೋದು ಬೇಕಾ?’ ಎಂದ ಗಿರೀಶ. ಅವರು ನಕ್ಕರು. ನಕ್ಕವರು ಐದು ನಿಮಿಷ ಹೆಚ್ಚು ಕಾಯುತ್ತಾರೆ. ಆದರೆ ಎಲ್ಲರ ಮುಂದೆಯೂ ಈ ಮಾತು ನಡೆಯುವುದಿಲ್ಲ. ಯಾರ ಮುಂದೆ ನಡೆಯುತ್ತದೆ ಎಂದು ಅವನಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಆ ಕಲೆ ಬರಲಿಲ್ಲ.

ಗಿರಾಕಿಗಳ ಎಲ್ಲ ಜಗಳಕ್ಕೂ ನಮ್ಮಲ್ಲಿ ಉತ್ತರ ಇರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಿ. ಬಿ.ಟಿ.ಎಂ. ಲೇಔಟಿನ ಪಿ.ಜಿ.ಯಲ್ಲಿದ್ದ ಒಬ್ಬ ವಿದ್ಯಾರ್ಥಿ ಬೈಕಿನ ಕೀ ಕಳೆದುಕೊಂಡು ಬಂದಿದ್ದ. ಎರಡನೆಯ ಕೀ ಮೊದಲೇ ಕಳೆದಿದ್ದ. ಕಂಪನಿ ಬರೀ ಕೀ ಕೊಡುವುದಿಲ್ಲ. ಬೀಗ, ಸೀಟಿನ ಲಾಕು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಎಲ್ಲ ಸೇರಿದ ಸೆಟ್ಟನ್ನೇ ಕೊಳ್ಳಬೇಕು.

“ಆಂಟಿ, ಮನೆ ಕೀ ಕಳೆದ್ರೆ ಬಾಗಿಲು ಚೇಂಜ್ ಮಾಡ್ತೀವಾ?”

“ಇಲ್ಲಪ್ಪ.”

“ಮತ್ತೆ ನನ್ನ ಟ್ಯಾಂಕ್ ಮುಚ್ಚಳ ಏನ್ ತಪ್ಪು ಮಾಡಿದೆ?”

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಕಂಪನಿಯ ಪದ್ಧತಿ ಹೀಗೆ ಎಂದು ಹೇಳಿದೆ. ಸಮಜಾಯಿಷಿ ಕೊಡಲು ಹೋಗಲಿಲ್ಲ. ಅವನು ಸೆಟ್ಟು ಕೊಂಡು, ಹಳೆಯ ಮುಚ್ಚಳವನ್ನು ‘ನೆನಪಿಗೆ ಇಟ್ಕೊಳ್ಳಿ’ ಎಂದು ಕೌಂಟರಿನ ಮೇಲೆ ಬಿಟ್ಟು ಹೋದ. ಬಹಳ ಕಾಲ ಅದು ನಮ್ಮ ಬಿಲ್ಲುಗಳು ಹಾರದ ಹಾಗೆ ಮೇಲಿಡುವ ಭಾರವಾಗಿ ಇತ್ತು.

ಕೆಲಸದ ರೀತಿ ನನ್ನ ಕಾಲದಲ್ಲೇ ಪೂರ್ತಿ ಬದಲಾಯಿತು. ಮೊದಲು ಕ್ಯಾಟಲಾಗು ಎಂದರೆ ದಪ್ಪ ಪುಸ್ತಕ. ಎಂಜಿನ್ ಬಿಚ್ಚಿ ಹರಡಿದ ಹಾಗೆ ಪ್ರತಿ ಪುಟದಲ್ಲೂ ಚಿತ್ರ. ಪುಸ್ತಕವನ್ನು ಗಿರಾಕಿಯ ಕಡೆಗೆ ತಿರುಗಿಸಿ ಇಡುತ್ತಿದ್ದೆವು, ಅವರು ಗ್ರೀಸ್ ಬೆರಳಿನಿಂದ ‘ಇದೇ’ ಎಂದು ಮುಟ್ಟಿ ತೋರಿಸುತ್ತಿದ್ದರು. ಇಬ್ಬರೂ ಒಂದೇ ಪುಟ ನೋಡುತ್ತಿದ್ದೆವು. ಪಾರ್ಟು ಇಲ್ಲದಿದ್ದರೆ ಆ ಪುಟದ ಎದುರೇ ಕೂತು ಆರ್ಡರ್ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು. ಹುಡುಕುವುದು ಕ್ಷಣದ ಕೆಲಸವಾಯಿತು, ತಪ್ಪು ನಂಬರು ಕೊಡುವುದು ತಪ್ಪಿತು. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಪರದೆ ತಿರುಗಿರುವುದು ನಮ್ಮ ಕಡೆಗೆ. ಗಿರಾಕಿಗೆ ಕಾಣುವುದು ಅದರ ಬೆನ್ನು ಮಾತ್ರ. ನಾವು ನೋಡಿ ಒಂದು ಮಾತು ಹೇಳುತ್ತೇವೆ, ಅವರು ಅದನ್ನು ನಂಬಿಕೊಂಡು ಹೋಗಬೇಕು. ಆ ಒಂದು ಮಾತಿನಿಂದ ಆದದ್ದನ್ನು ಈಗ ಹೇಳುತ್ತೇನೆ.

ನಮ್ಮ ವ್ಯಾಪಾರದಲ್ಲಿ ‘ಬರುತ್ತೆ’, ‘ಬರಲ್ಲ’ ಎಂಬ ಮಾತುಗಳಿಗೆ ಬೇರೆ ಅರ್ಥವಿದೆ. ‘ಈ ಪಾರ್ಟು ಬರುತ್ತೆ’ ಎಂದರೆ ಕಂಪನಿ ಇದನ್ನು ಇನ್ನೂ ತಯಾರಿಸುತ್ತಿದೆ ಎಂದು. ‘ಬರಲ್ಲ’ ಎಂದರೆ ನಿಲ್ಲಿಸಿದೆ. ಕೌಂಟರಿನ ಒಳಗೆ ಇರುವ ನಮಗೆಲ್ಲ ಅದು ಎಷ್ಟು ಅಭ್ಯಾಸವೆಂದರೆ, ಆ ಮಾತಿಗೆ ಇನ್ನೊಂದು ಅರ್ಥ ಇದೆ ಎಂಬುದೇ ಮರೆತುಹೋಗಿತ್ತು.

ಸಿದ್ದಾಪುರದ ಶಶಿಕಲಾ ಎಂಬುವರು ನಮ್ಮ ಗಿರಾಕಿ. ಪೋಲಿಯೋದಿಂದ ಅವರ ಒಂದು ಕಾಲು ಸಣ್ಣದು. ಹಿಂದೆ ಎರಡು ಪುಟ್ಟ ಚಕ್ರ ಹೆಚ್ಚುವರಿಯಾಗಿ ಕೂಡಿಸಿದ ಹಳೆಯ ಸ್ಕೂಟರ್ ಓಡಿಸುತ್ತಿದ್ದರು. ಮನೆಯಲ್ಲಿ ಅತ್ತೆಯೂ ಅವರೂ ಸೇರಿ ಅಡುಗೆ ಮಾಡುತ್ತಿದ್ದರು. ಜಯನಗರ, ಜೆ.ಪಿ. ನಗರದ ಕಡೆ ಅಡುಗೆ ಮಾಡಿಕೊಳ್ಳಲು ಆಗದ ವಯಸ್ಸಾದವರ ಮನೆಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಮುಟ್ಟಿಸುವುದು ಶಶಿಕಲಾ ಅವರ ಕೆಲಸ. ಆ ಮನೆ ನಡೆಯುತ್ತಿದ್ದದ್ದು ಆ ಡಬ್ಬಿಗಳಿಂದ.

ಅವರ ಸ್ಕೂಟರಿನ ಸ್ಟಾರ್ಟರ್ ಮೋಟರ್ ಕೆಟ್ಟಿತು. ಗುಂಡಿ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತದಲ್ಲ, ಜನ ‘ಸೆಲ್ಫ್’ ಎನ್ನುವುದು, ಅದು. ಉಳಿದವರಾಗಿದ್ದರೆ ಕಿಕ್ ಹೊಡೆದು ಕಾಲ ತಳ್ಳುತ್ತಿದ್ದರು. ಶಶಿಕಲಾಗೆ ಕಿಕ್ ಹೊಡೆಯಲು ಆಗದು. ಬೆಳಿಗ್ಗೆ ಪಕ್ಕದ ಮನೆಯವರಿಂದ ಕಿಕ್ ಹೊಡೆಸಿಕೊಂಡು ಹೊರಟರೆ, ಕೊನೆಯ ಡಬ್ಬಿ ಮುಟ್ಟಿಸುವವರೆಗೂ ಎಂಜಿನ್ ಆಫ್ ಮಾಡುವ ಹಾಗಿರಲಿಲ್ಲ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆದರೆ ಯಾರನ್ನಾದರೂ ಕರೆಯಬೇಕು. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವನು, ‘ಅಕ್ಕ, ನಮ್ಮ ಗೇಟಲ್ಲಿ ದಿನಾ ಒದೆ ತಿಂದು ಹೋಗೋ ಗಾಡಿ ಅಂದ್ರೆ ನಿಮ್ದೊಂದೇ’ ಎಂದು ಕಿಕ್ ಹೊಡೆದುಕೊಡುತ್ತಾ ತಮಾಷೆ ಮಾಡುತ್ತಿದ್ದನಂತೆ.

ನಮ್ಮ ಕೌಂಟರಿಗೂ ಅವರು ಹಾಗೆಯೇ ಬಂದರು, ಗೇಟಿನ ಹೊರಗೆ ಎಂಜಿನ್ ಓಡುತ್ತಿರುವಂತೆಯೇ ಬಿಟ್ಟು. ಕೋಲೂರಿಕೊಂಡು ಒಳಗೆ ಬಂದು, ಒಂದು ಕಿವಿ ಹೊರಗಿಟ್ಟುಕೊಂಡೇ ಕೇಳಿದರು.

“ಈ ಗಾಡಿಗೆ ಸೆಲ್ಫ್ ಮೋಟರ್ ಬರುತ್ತಾ?”

ಗಿರೀಶ ಪರದೆ ನೋಡಿದ. “ಬರುತ್ತೆ ಅಕ್ಕ.”

“ಸರಿ ಹಾಗಾದ್ರೆ.” ಅಷ್ಟು ಹೇಳಿ ಅವರು ಹೊರಟುಬಿಟ್ಟರು. ‘ಆರ್ಡರ್ ಹಾಕ್ಲಾ ಅಕ್ಕ’ ಎಂದು ಕೇಳಲು ಗಿರೀಶ ತಲೆ ಎತ್ತುವಷ್ಟರಲ್ಲಿ ಹೋಗಿಯಾಗಿತ್ತು. ಬರೀ ವಿಚಾರಿಸಿಕೊಂಡು ಹೋಗುವವರು ದಿನವೂ ಇರುತ್ತಾರೆ, ಇವರೂ ಹಾಗೇ ಎಂದುಕೊಂಡ. ಅವರು ಮಾತ್ರ ಮೋಟರ್ ದಾರಿಯಲ್ಲಿದೆ ಎಂದುಕೊಂಡು ಮನೆಗೆ ಹೋದರು.

ಮುಂದಿನ ವಾರ ಫೋನ್ ಮಾಡಿದರು. ನಮ್ಮಲ್ಲಿ ಬೇರೆ ಯಾರೋ ಎತ್ತಿ, ಪರದೆ ನೋಡಿ, ‘ಬರುತ್ತೆ ಮೇಡಂ’ ಎಂದರು. ಮತ್ತೊಮ್ಮೆ ಖುದ್ದಾಗಿ ಬಂದರು, ಎಂಜಿನ್ ಓಡುತ್ತಲೇ ಇತ್ತು, ಕೇಳಿದರು, ‘ಬರುತ್ತೆ’ ಎನ್ನಿಸಿಕೊಂಡು ಓಡಿದರು. ಒಂದೊಂದು ಸಲವೂ ನಾವು ಹೇಳಿದ್ದು ನಿಜವೇ. ಕಂಪನಿ ಆ ಮೋಟರ್ ತಯಾರಿಸುತ್ತಲೇ ಇತ್ತು. ಅದನ್ನು ತರಿಸಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಈ ನಡುವೆ ಡಬ್ಬಿಗಳು ತಡವಾಗತೊಡಗಿದ್ದವು. ವಯಸ್ಸಾದವರ ಊಟ, ಮಾತ್ರೆ ನುಂಗುವ ಹೊತ್ತು ತಪ್ಪುವ ಹಾಗಿಲ್ಲ. ಮೊದಲು ಒಂದು ಮನೆ, ಆಮೇಲೆ ಅದೇ ಬೀದಿಯ ಇನ್ನೊಂದು ಮನೆ ಬೇರೆಯವರನ್ನು ಗೊತ್ತು ಮಾಡಿಕೊಂಡಿತು. ಶಶಿಕಲಾ ಪ್ರತಿಯೊಬ್ಬರಿಗೂ, ‘ಮೋಟರ್ ಬರುತ್ತೆ ಅಂದಿದ್ದಾರೆ, ಇನ್ನೇನು ಸರಿಹೋಗುತ್ತೆ’ ಎಂದು ಹೇಳಿಕೊಂಡು ಬಂದಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಒಂದು ದಿನ ಅವರು ಆಟೋದಲ್ಲಿ ಬಂದರು. ಬಂದವರು ಅವಸರ ಮಾಡದೆ ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತರು.

“ಬಂತಾ?”

“ಏನು ಬಂತಾ ಅಕ್ಕ?” ಎಂದ ಗಿರೀಶ.

“ಏನು ಅಂತೀಯಲ್ಲೋ. ನನ್ನ ಸೆಲ್ಫ್ ಮೋಟರ್. ನೀನೇ ತಾನೇ ಬರುತ್ತೆ ಅಂದಿದ್ದು?”

“ಹೌದಕ್ಕ, ಬರುತ್ತೆ. ಈಗ್ಲೂ ಬರುತ್ತೆ.”

“ಯಾವಾಗ ಬರುತ್ತೆ?”

“ನೀವು ಆರ್ಡರ್ ಹಾಕಿದ್ರೆ ಬರುತ್ತೆ.”

ಶಶಿಕಲಾ ಮೆಲ್ಲಗೆ ಕೇಳಿದರು. “ಹಾಗಾದ್ರೆ ಇಷ್ಟು ದಿನ ಏನ್ ಬರ್ತಾ ಇತ್ತು?”

ಸಾಲಿನಲ್ಲಿ ಹಿಂದೆ ನಿಂತಿದ್ದ ಹಿರಿಯರೊಬ್ಬರು, ‘ಬರುತ್ತೆ ಅಂದ್ರೆ ಬರುತ್ತೆ ಅಂತಾನೇ ತಾನೇ ಅರ್ಥ? ಎಲ್ಲಿಂದ ಕಲ್ತಿದ್ದೀರಿ ನೀವೆಲ್ಲ ಕನ್ನಡ’ ಎಂದರು. ಇನ್ನೊಬ್ಬರು, ‘ಆರ್ಡರ್ ಹಾಕ್ದೆ ಯಾವ್ದು ಬರುತ್ತೆ ಸಾರ್, ಮಳೆನಾ’ ಎಂದು ಗಿರೀಶನ ಪರ ನಿಂತರು. ನಾನು ಒಳಗಿನಿಂದ ಎದ್ದು ಬಂದೆ. ಶಶಿಕಲಾ ಅವರನ್ನು ಒಳಗೆ ಸ್ಟೂಲಿನ ಮೇಲೆ ಕೂರಿಸಿ ಮೊದಲಿನಿಂದ ಕೇಳಿದೆ. ಆಗಲೇ ಈ ಕಥೆಯೆಲ್ಲ ಹೊರಬಂದದ್ದು. ದಿನವೂ ಒದೆ ತಿಂದು ತಿಂದು ಅವತ್ತು ಬೆಳಿಗ್ಗೆ ಕಿಕ್ಕರ್ ಕೂಡ ಕೈಕೊಟ್ಟಿತ್ತು. ಆ ದಿನದ ಡಬ್ಬಿಗಳನ್ನು ಆಟೋದಲ್ಲಿ ಮುಟ್ಟಿಸಿ ನೇರ ನಮ್ಮಲ್ಲಿಗೆ ಬಂದಿದ್ದರು.

“ದಿನಾ ಆಟೋದಲ್ಲಿ ಆಗಲ್ಲ ಮೇಡಂ. ನಾಳೆ ಡಬ್ಬಿ ಹೋಗ್ಲಿಲ್ಲ ಅಂದ್ರೆ ಉಳಿದಿರೋರೂ ಬಿಟ್ಟು ಹೋಗ್ತಾರೆ. ಹೋದೋರು ವಾಪಸ್ ಬರಲ್ಲ.”

ಕಂಪನಿಗೆ ಆರ್ಡರ್ ಹಾಕಿದರೆ ವಾರವಾದರೂ ಬೇಕು. ಬೇರೆ ಡೀಲರುಗಳಲ್ಲಿ ವಿಚಾರಿಸುವುದೊಂದೇ ದಾರಿ. ಮೊದಲು ತಲಘಟ್ಟಪುರದ ಕಡೆಯ ಡೀಲರಿಗೆ ಫೋನ್ ಮಾಡಿ ಪಾರ್ಟಿನ ನಂಬರು ಹೇಳಿದೆ.

“ಬರುತ್ತೆ ಮೇಡಂ,” ಎಂದರು ಆ ಕಡೆಯವರು.

“ಬರುತ್ತೆ ಅಂತ ನನಗೂ ಗೊತ್ತು. ನಿಮ್ಮ ಕಪಾಟಲ್ಲಿ ಇದೆಯಾ?”

“ಓ, ಇದೆಯಾ ಅಂತಾನಾ? ಇಲ್ಲ ಮೇಡಂ.”

ಫೋನ್ ಸ್ಪೀಕರಿನಲ್ಲಿತ್ತು. ಸ್ಟೂಲಿನ ಮೇಲೆ ಕೂತಿದ್ದ ಶಶಿಕಲಾ ಗಿರೀಶನ ಮುಖ ನೋಡಿದರು. ಅವನು ಸುಮ್ಮನೆ ಪರದೆಯ ಕಡೆ ತಿರುಗಿಕೊಂಡ.

ಎರಡನೆಯ ಫೋನು ಬಿಳೇಕಹಳ್ಳಿಯ ಡೀಲರಿಗೆ. ‘ಇದೆಯಾ?’ ಎಂದೇ ಶುರು ಮಾಡಿದೆ. ಒಂದು ಇತ್ತು.

ಉಳಿದದ್ದು ನಮ್ಮ ಸರ್ವಿಸ್ ಮ್ಯಾನೇಜರ್ ಪ್ರಭಾಕರ್ ಅವರನ್ನು ಒಪ್ಪಿಸುವುದು. ಅವರ ಬಗ್ಗೆ ಒಂದು ಮಾತು ಹೇಳಬೇಕು. ಕೆಟ್ಟವರಲ್ಲ. ಆದರೆ ಅವರ ಜೀವವೆಲ್ಲ ಗಿರಾಕಿಗಳು ಕೊಡುವ ಅಂಕದ ಮೇಲೆ. ಸರ್ವಿಸ್ ಆದ ಮೇಲೆ ಕಂಪನಿಯಿಂದ ಗಿರಾಕಿಗೆ ಫೋನ್ ಹೋಗುತ್ತದೆ, ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳುತ್ತಾರೆ. ಒಂಬತ್ತು ಬಂದರೂ ಮೇಲಿನವರಿಂದ ಬೈಗುಳ. ಅದಕ್ಕೆ ಪ್ರಭಾಕರ್ ಮುಂಚೆಯೇ ಗಿರಾಕಿಗಳಿಗೆ ಫೋನ್ ಮಾಡಿ, ‘ಸಾರ್, ಕಂಪನಿ ಕಾಲ್ ಬರುತ್ತೆ, ಹತ್ತು ಅಂತ ಹೇಳ್ಬಿಡಿ’ ಎಂದು ಕೇಳಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬರು, ‘ಮೊದ್ಲು ಪಾರ್ಟ್ ಬರ್ಲಿ ಗುರು, ಆಮೇಲೆ ಹತ್ತು ಬರುತ್ತೆ’ ಎಂದಿದ್ದರು.

ಬೇರೆ ಡೀಲರಿನಿಂದ ಪಾರ್ಟು ತರಲು, ಮೆಕ್ಯಾನಿಕ್ಕನ್ನು ಹೊರಗೆ ಕಳಿಸಲು ಅವರ ಒಪ್ಪಿಗೆ ಬೇಕು. ಅವರು ಸಿಸ್ಟಮ್ಮಿನಲ್ಲಿ ಶಶಿಕಲಾ ಅವರ ಗಾಡಿ ನಂಬರು ಹಾಕಿ ನೋಡಿದರು.

“ಮೇಡಂ, ಇವರ ಹೆಸರಲ್ಲಿ ಜಾಬ್ ಕಾರ್ಡೇ ಓಪನ್ ಆಗಿಲ್ಲ. ಆರ್ಡರ್ ಇಲ್ಲ, ಕಂಪ್ಲೇಂಟ್ ಇಲ್ಲ. ಅವರು ಬಂದೇ ಇಲ್ಲ ಅಂತ ತೋರಿಸ್ತಿದೆ.”

“ನಮ್ಮ ಕೌಂಟರಲ್ಲಿ ಸ್ಟೂಲ್ ಮೇಲೆ ಕೂತಿದ್ದಾರೆ ಸಾರ್.”

“ಅದು ಸರಿ. ಮೇಲಿನೋರು ಕೇಳಿದ್ರೆ ನಾನೇನು ತೋರಿಸ್ಲಿ?”

“ಜಾಬ್ ಕಾರ್ಡ್ ಈಗ ಓಪನ್ ಮಾಡ್ತೀನಿ. ಮೆಕ್ಯಾನಿಕ್ ಸಲೀಂನನ್ನ ಇವರ ಮನೆಗೆ ಕಳಿಸಿ. ನಾಳೆ ಮಧ್ಯಾಹ್ನದೊಳಗೆ ಈ ಗಾಡಿ ಓಡ್ಬೇಕು. ಓಡದಿದ್ರೆ ಅವರ ಕೆಲಸ ಹೋಗುತ್ತೆ, ನಮ್ಮ ಮಾತಿನಿಂದ ಹೋಗುತ್ತೆ.”

ಪ್ರಭಾಕರ್ ಪಾರ್ಟು ತರಿಸಲು ಒಪ್ಪಿದರು. ಸಲೀಂನನ್ನು ಡ್ಯೂಟಿಯ ಹೊತ್ತಿನಲ್ಲಿ ಬಿಡಲು ಒಪ್ಪಲಿಲ್ಲ. ಅವತ್ತು ಡೆಲಿವರಿ ಕೊಡಬೇಕಾದ ಗಾಡಿಗಳು ಸಾಲಾಗಿ ನಿಂತಿದ್ದವು. ಅವರ ಕಡೆಯೂ ನ್ಯಾಯವಿತ್ತು. ಸಲೀಂ, ‘ಡ್ಯೂಟಿ ಮುಗಿಸ್ಕೊಂಡು ಹಾಗೇ ಹೋಗ್ತೀನಿ ಮೇಡಂ, ಮನೆ ದಾರೀಲೇ ಸಿಗುತ್ತೆ’ ಎಂದ. ಗಿರೀಶ ಯಾರೂ ಹೇಳುವ ಮೊದಲೇ ಹೆಲ್ಮೆಟ್ ತೆಗೆದುಕೊಂಡಿದ್ದ. ಬನ್ನೇರುಘಟ್ಟ ರಸ್ತೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಬಿಳೇಕಹಳ್ಳಿಗೆ ಹೋಗಿ ಮೋಟರ್ ತಂದು, ಸಿದ್ದಾಪುರದ ಗಲ್ಲಿಯಲ್ಲಿ ಸಲೀಂಗೆ ಕೊಟ್ಟು, ಅವನು ಹಳೆಯದನ್ನು ಬಿಚ್ಚುವಾಗ ಮೊಬೈಲಿನ ಟಾರ್ಚು ಹಿಡಿದು ನಿಂತಿದ್ದನಂತೆ. ಶಶಿಕಲಾ ಅವರ ಅತ್ತೆ ಇಬ್ಬರಿಗೂ ಚಿತ್ರಾನ್ನ ಕೊಟ್ಟು, ‘ನಿಮ್ಮಲ್ಲಿ ಬರುತ್ತೆ ಅಂದೋನು ಯಾವನಪ್ಪ, ಅವನು ಸಿಕ್ಕಿದ್ರೆ ನಂಗೆ ಹೇಳು’ ಎಂದರಂತೆ. ಗಿರೀಶ, ‘ಸಿಕ್ಕಿದ್ರೆ ಹೇಳ್ತೀನಿ ಅಜ್ಜಿ’ ಎಂದು ಚಿತ್ರಾನ್ನ ಮುಗಿಸಿದ. ಇದನ್ನು ಮರುದಿನ ಅವನೇ ಹೇಳಿದ್ದು.

ಮರುದಿನ ಡಬ್ಬಿಗಳು ಹೊತ್ತಿಗೆ ಸರಿಯಾಗಿ ಹೋದವು.

ಆ ವಾರ ನಾನು ಕೌಂಟರಿನಲ್ಲಿ ಒಂದು ನಿಯಮ ಮಾಡಿದೆ. ‘ಬರುತ್ತೆ’ ಎಂಬ ಮಾತು ಇನ್ನು ಮೇಲೆ ಇಲ್ಲಿ ಬೇಡ. ಕಪಾಟಿನಲ್ಲಿದ್ದರೆ ‘ಇದೆ’. ಇಲ್ಲದಿದ್ದರೆ ‘ಇಲ್ಲ, ಕಂಪನಿ ಮಾಡುತ್ತೆ, ತರಿಸಲಾ’ ಎಂದು ಕೇಳಬೇಕು. ‘ತರಿಸುತ್ತೇವೆ’ ಎಂದರೆ ತರಿಸುವವರು ಯಾರು ಎಂಬುದು ಆ ಮಾತಿನಲ್ಲೇ ಇರುತ್ತದೆ. ‘ಬರುತ್ತೆ’ ಎಂಬುದರಲ್ಲಿ ಯಾರೂ ಇಲ್ಲ. ಪ್ರಭಾಕರ್ ಇದನ್ನು ಕೇಳಿ, ‘ಒಂದು ಪದದಿಂದ ಏನಾಗುತ್ತೆ ಮೇಡಂ’ ಎಂದು ನಕ್ಕರು. ನಿಯಮ ನೆಲೆಗೊಳ್ಳಲು ಸಾಕಷ್ಟು ಕಾಲ ಹಿಡಿಯಿತು. ನಾಲಿಗೆಗೆ ಅಂಟಿದ ಮಾತು ಬಿಡಿಸುವುದು, ತುಕ್ಕು ಹಿಡಿದ ನಟ್ಟು ಬಿಡಿಸಿದ ಹಾಗೆಯೇ. ನಾನೇ ಎಷ್ಟೋ ಸಲ ಎಡವಿದೆ, ಆಗೆಲ್ಲ ಗಿರೀಶ ಕೆಮ್ಮುತ್ತಿದ್ದ.

ಇನ್ನೊಂದು ನಿಯಮವನ್ನು ಹೊಸಬರು ಬರೆದುಕೊಳ್ಳಿ. ಹೊರಗೆ ಎಂಜಿನ್ ಓಡುವಂತೆ ಬಿಟ್ಟು ಬರುವ ಗಿರಾಕಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಾರೆ. ಯಾಕೆ ಆಫ್ ಮಾಡಿಲ್ಲ ಎಂದು ಅವರನ್ನು ಕೇಳಿ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಶಶಿಕಲಾ ಮತ್ತೆ ಬಂದರು. ಅವರ ಸ್ಕೂಟರಿನ ಸದ್ದು ನನಗೆ ಗುರುತಿತ್ತು. ಗೇಟಿನ ಹತ್ತಿರ ಬಂದು ಸದ್ದು ನಿಂತಿತು. ಕೋಲೂರಿಕೊಂಡು ನಿಧಾನವಾಗಿ ಬಂದರು.

“ಬಲಗಡೆ ಮಿರರ್ ಬೇಕಿತ್ತಪ್ಪ. ಸೌತ್ ಎಂಡ್ ಸರ್ಕಲ್ ಹತ್ರ ಒಬ್ಬ ಸವರ್ಕೊಂಡು ಹೋದ.”

“ಇಲ್ಲ ಅಕ್ಕ. ಕಂಪನಿ ಮಾಡುತ್ತೆ. ತರಿಸ್ಲಾ?” ಎಂದ ಗಿರೀಶ.

“ತರಿಸು.”

“ಗುರುವಾರ ನಾನೇ ಫೋನ್ ಮಾಡ್ತೀನಿ.”

ಶಶಿಕಲಾ ನಕ್ಕರು. “ಯಾಕೋ, ಬರುತ್ತೆ ಅನ್ನಲ್ವಾ ಈಗ?”

“ಆ ಪದ ಬರಲ್ಲ ಅಕ್ಕ. ಮೇಡಂ ನಿಲ್ಲಿಸ್ಬಿಟ್ಟಿದ್ದಾರೆ.”

ಬಿಟ್ಟು ಹೋಗಿದ್ದ ಮನೆಗಳು ವಾಪಸ್ ಬಂದವೇ ಎಂದು ನಾನು ಕೇಳಿದೆ. ಒಬ್ಬರು ಬಂದರಂತೆ, ಅದೂ ಶಶಿಕಲಾ ಅವರೇ ಹೋಗಿ ಒಂದು ದಿನದ ಊಟ ಕೊಟ್ಟು ಕರೆದ ಮೇಲೆ. ಇನ್ನೊಂದು ಮನೆಯವರು ಬರಲಿಲ್ಲ. ಬೇರೆ ಬೀದಿಯಲ್ಲಿ ಹೊಸಬರು ಸಿಕ್ಕಿದ್ದರು. ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಯಾವ ಮನೆಯವರಿಗೆ ಉಪ್ಪು ಕಡಿಮೆ, ಯಾವ ಮನೆಯವರಿಗೆ ಹುಳಿ ಆಗದು ಎಂದೆಲ್ಲ ಹೇಳಿದರು. ನಮ್ಮ ಕೌಂಟರಿನಲ್ಲಿ ಅವರು ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿರಲಿಲ್ಲ. ಗಿರೀಶ ಬೇರೆ ಗಿರಾಕಿಗಳನ್ನು ನೋಡಿಕೊಂಡ.

ಆಮೇಲೆ ಎದ್ದು, ಕೋಲು ತೆಗೆದುಕೊಂಡು, ಬಂದ ಹಾಗೆಯೇ ನಿಧಾನವಾಗಿ ಹೋದರು. ಗೇಟಿನ ಹೊರಗೆ ಗುಂಡಿ ಒತ್ತಿದ ಸದ್ದು ಕೇಳಿಸಿತು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.